ಎರಡನೇ ಮುಖ್ಯರಸ್ತೆಯಲ್ಲಿ ವೇಗ ಅಳೆಯುವುದು: ಯಾರು, ಹೇಗೆ?

ಸಂಚಾಲಕರು: ವಿಜಯನಗರ 2ನೇ ಹಂತದ ಎಲ್ಲರಿಗೂ ನಮಸ್ಕಾರ. ಹುಣಸೂರು ರಸ್ತೆ ಕಡೆಯಿಂದ ರಿಂಗ್ ರೋಡಿಗೆ ಅಡ್ಡದಾರಿ ಹಿಡಿಯುವ ಗಾಡಿಗಳ ವೇಗದ ವಿಷಯ. ಪೊಲೀಸರಿಗೆ ಕೊಡುವ ಮನವಿಯಲ್ಲಿ "ತುಂಬಾ ಸ್ಪೀಡಾಗಿ ಬರ್ತಾರೆ" ಅಂತ ಬರೆದರೆ ಕೆಲಸ ಆಗಲ್ಲ, ಅಂಕಿ ಬೇಕು. ಫೋನಿನ ಸ್ಪೀಡೋಮೀಟರ್ ಆ್ಯಪ್ ಸಾಕಾಗುತ್ತಾ?

4ನೇ ಕ್ರಾಸ್ ಮೂಲೆ ಮನೆ: ಗೇಟ್ ಹತ್ತಿರ ನಿಂತು ಆ್ಯಪ್ ಆನ್ ಮಾಡಿದರೆ ಆಯ್ತಲ್ಲ ಸರ್?

7ನೇ ಕ್ರಾಸ್ ಸರ್ವೆ ಸರ್: ಆಗಲ್ಲಮ್ಮ. ಆ ಆ್ಯಪ್ ನಡೆಯೋದು ಜಿಪಿಎಸ್‌ನಿಂದ. ಜಿಪಿಎಸ್ ಹೇಳೋದು ಆ ಫೋನ್ ಎಷ್ಟು ವೇಗದಲ್ಲಿ ಹೋಗ್ತಿದೆ ಅನ್ನೋದನ್ನು ಮಾತ್ರ. ಎದುರಿಗೆ ಹೋಗುವ ಬೈಕಿನ ವೇಗ ಅದಕ್ಕೆ ಗೊತ್ತಾಗಲ್ಲ. ಬೈಕಿನ ಹಿಂದೆ ಗಾಡಿ ಓಡಿಸಿ ಅಳೆಯೋಣ ಅಂತ ದಯವಿಟ್ಟು ಯಾರೂ ಹೊರಡಬೇಡಿ, ಅಪಾಯ.

ನಮಗೆ ಬೇಕಿರುವುದು ಟೇಪು, ಸೀಮೆಸುಣ್ಣ, ಸ್ಟಾಪ್‌ವಾಚ್. ರಸ್ತೆಗೆ ಅಡ್ಡಲಾಗಿ 50 ಮೀಟರ್ ಅಂತರದಲ್ಲಿ ಎರಡು ಗೆರೆ. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಒಬ್ಬರು ಕೈ ಇಳಿಸಬೇಕು. ಎರಡನೇ ಗೆರೆಯಲ್ಲಿ ನಿಂತವರು ಅದನ್ನು ನೋಡಿ ವಾಚ್ ಒತ್ತಿ, ಚಕ್ರ ತಮ್ಮ ಗೆರೆ ಮುಟ್ಟಿದಾಗ ನಿಲ್ಲಿಸಬೇಕು. 180ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತೆ: 6 ಸೆಕೆಂಡಿಗೆ 30, 4.5ಕ್ಕೆ 40, 3.6ಕ್ಕೆ 50, 3ಕ್ಕೆ 60.

9ನೇ ಕ್ರಾಸ್: ಹಾಗಾದ್ರೆ ಜಿಪಿಎಸ್ ಯಾಕೆ ಬೇಕು?

ಸರ್ವೆ ಸರ್: ನಮ್ಮ ಕೈಯನ್ನೇ ಪರೀಕ್ಷೆ ಮಾಡೋಕೆ. ಕೈ ಇಳಿದದ್ದು ಕಂಡು ವಾಚ್ ಒತ್ತುವಷ್ಟರಲ್ಲಿ ಸ್ವಲ್ಪ ತಡ ಆಗೇ ಆಗುತ್ತೆ. ಸಮಯ ಕಡಿಮೆ ಸಿಗುತ್ತೆ, ವೇಗ ಜಾಸ್ತಿ ಬರುತ್ತೆ. ಅದೇ ಅಂಕಿ ಕೊಟ್ಟರೆ ಪೊಲೀಸರು ಮೊದಲು ಹಿಡಿಯೋದೇ ಆ ತಪ್ಪನ್ನು. ಅದಕ್ಕೇ ಮೊದಲು ನಮ್ಮದೇ ಸ್ಕೂಟರ್ ಒಂದನ್ನು ಜಿಪಿಎಸ್‌ನಲ್ಲಿ ಸರಿಯಾಗಿ 40ಕ್ಕೆ ಹಿಡಿದು ಗೆರೆ ದಾಟಿಸಿ. ವಾಚ್ 4.5 ತೋರಿಸಬೇಕು. 4.3 ಬಂದರೆ ಆ ಜೋಡಿಯ ತಡ 0.2 ಸೆಕೆಂಡ್. ಪ್ರತಿ ಜೋಡಿಗೂ 30ರಲ್ಲಿ ಐದು ಸಲ, 40ರಲ್ಲಿ ಐದು ಸಲ ಹೀಗೆ ನೋಡಿ ಸರಾಸರಿ ತಡ ಬರೆದಿಡಿ.

ಈ ತಿದ್ದುಪಡಿಯನ್ನು ಸಮಯಕ್ಕೇ ಕೂಡಿಸಿ, ವೇಗದಿಂದ ಕಳೆಯಬೇಡಿ. ಅದೇ 0.2 ಸೆಕೆಂಡ್ 40ರಲ್ಲಿ 2 ಕಿ.ಮೀ. ತಪ್ಪು ಮಾಡಿದರೆ, 60ರಲ್ಲಿ 4 ಕಿ.ಮೀ. ಮಾಡುತ್ತೆ.

5ನೇ ಕ್ರಾಸ್: ಸ್ಕೂಟರಿನ ಮೀಟರ್ ನೋಡಿದರೆ ಸಾಲದಾ?

ಸರ್ವೆ ಸರ್: ಸಾಲದು. ಗಾಡಿ ಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚೇ ತೋರಿಸುತ್ತೆ, ಕಂಪನಿಯವರು ಹಾಗೇ ಕೂರಿಸಿರುತ್ತಾರೆ. ಟೈರ್ ಸವೆದರೆ ಇನ್ನೂ ಹೆಚ್ಚು.

10ನೇ ಕ್ರಾಸ್, ಆ್ಯಪ್ ಕೆಲಸದವರು: ಫೋನಿನ ಕಡೆಯಿಂದ ನಾಲ್ಕು ಮಾತು. ವೇಗವನ್ನು ಫೋನ್ ಮುಖ್ಯವಾಗಿ ಉಪಗ್ರಹದ ಸಿಗ್ನಲ್‌ನ ಡಾಪ್ಲರ್ ಬದಲಾವಣೆಯಿಂದ (ಚಲನೆಯಿಂದ ಸಿಗ್ನಲ್‌ನ ಆವರ್ತನದಲ್ಲಿ ಆಗುವ ಸಣ್ಣ ವ್ಯತ್ಯಾಸ) ಲೆಕ್ಕ ಹಾಕುತ್ತೆ. ಹಾಗಾಗಿ ಮ್ಯಾಪಿನಲ್ಲಿ ಜಾಗ ಐದು ಮೀಟರ್ ಆಚೀಚೆ ಇದ್ದರೂ, ಬಯಲಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸ್ಪೀಡ್ ಸುಮಾರು 1 ಕಿ.ಮೀ. ಒಳಗೆ ಸರಿ ಇರುತ್ತೆ. ಆದರೆ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಅಂಕಿ ಬದಲಾಗೋದು, 40ರಲ್ಲಿ ಅಷ್ಟರೊಳಗೆ ಗಾಡಿ 11 ಮೀಟರ್ ಮುಂದೆ ಹೋಗಿರುತ್ತೆ. ಆಕ್ಸಿಲರೇಟರ್ ತಿರುವಿದಾಗ ಅಂಕಿ ಹಿಂದೆ ಬೀಳುತ್ತೆ. ಗೆರೆಗೆ 60-70 ಮೀಟರ್ ಮುಂಚೆಯೇ ವೇಗ ಒಂದೇ ಸಮ ಮಾಡಿಕೊಳ್ಳಿ.

ಲೊಕೇಶನ್ ಅನುಮತಿ 'ನಿಖರ' ಇರಲಿ, ಬ್ಯಾಟರಿ ಸೇವರ್ ಆಫ್ ಮಾಡಿ. ಹೊರಗೆ ಎರಡು ನಿಮಿಷ ಬಿಟ್ಟು ನೋಡಿ: ನಿಂತಲ್ಲೇ 2-3 ತೋರಿಸುತ್ತಿದ್ದರೆ ಸಿಗ್ನಲ್ ಸರಿ ಇಲ್ಲ, ಅಳೆಯಬೇಡಿ. ಹೊಂಗೆ ಮರಗಳು ಒತ್ತಾಗಿರುವ ಕಡೆ, ಎತ್ತರದ ಕಟ್ಟಡದ ಪಕ್ಕ ಬೇಡ. ಫೋನ್ ಸೀಟಿನ ಕೆಳಗಲ್ಲ, ಹಿಂದೆ ಕೂತವರ ಕೈಯಲ್ಲಿ. ಓಡಿಸುವವರು ರಸ್ತೆ ನೋಡಲಿ, ಅಂಕಿ ಹಿಂದಿನವರು ಕೂಗಲಿ. ಲಾಗ್ ಫೈಲಿನಲ್ಲಿ ವೇಗ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿದ್ದರೆ 3.6ರಿಂದ ಗುಣಿಸಿ.

4ನೇ ಕ್ರಾಸ್ ಮೂಲೆ ಮನೆ: ಎಷ್ಟು ಗಾಡಿ ಅಳೀಬೇಕು ಸರ್?

ಸರ್ವೆ ಸರ್: ನೂರು. ಮುಂದೆ ಬೇರೆ ಗಾಡಿ ಅಡ್ಡ ಇಲ್ಲದೆ ಬರುವವನ್ನು ಮಾತ್ರ, ಸಾಲಲ್ಲಿ ಸಿಕ್ಕಿಕೊಂಡದ್ದು ಬೇಡ. ಸ್ಪೀಡಾಗಿ ಬಂದವರನ್ನೇ ಆರಿಸಿಕೊಂಡರೆ ಇಡೀ ಅಳತೆ ಹಾಳು. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ 85ನೆಯದನ್ನು ನೋಡಿ, ಅಂದರೆ ನೂರರಲ್ಲಿ 85 ಗಾಡಿ ಆ ವೇಗದಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಬಂದಿವೆ ಅಂತ. ಟ್ರಾಫಿಕ್ ಎಂಜಿನಿಯರುಗಳು ಕೇಳೋದು ಆ ಅಂಕಿಯನ್ನೇ. ನಂಬರ್ ಪ್ಲೇಟ್ ಬರೆಯೋದು ಬೇಡ. ನಮ್ಮ ಅಳತೆಯಿಂದ ಯಾರಿಗೂ ದಂಡ ಹಾಕಲು ಬರಲ್ಲ, ಅಧಿಕೃತವಾಗಿ ರೇಡಾರ್ ಗನ್‌ನಲ್ಲಿ ಅಳೆಯಿರಿ ಅಂತ ಕೇಳೋಕೆ ಆಧಾರ ಅಷ್ಟೇ.

2ನೇ ಕ್ರಾಸ್ ವಕೀಲರು: ಇದನ್ನೂ ಗಮನಿಸಿ. 2018ರ ಕೇಂದ್ರ ಅಧಿಸೂಚನೆಯಲ್ಲಿ ನಗರಸಭೆ-ಪಾಲಿಕೆ ವ್ಯಾಪ್ತಿಯೊಳಗೆ ಕಾರಿಗೆ 70, ಬೈಕಿಗೆ 60 ಮಿತಿ. 55ರಲ್ಲಿ ಬರುವವನು ಕಾನೂನು ಮುರಿದಿಲ್ಲ ಅಂತಲೇ ಆಗಬಹುದು. ಆದ್ದರಿಂದ ಮೋಟಾರು ವಾಹನ ಕಾಯ್ದೆ 1988ರ 112ನೇ ಕಲಮಿನಡಿ ಈ ರಸ್ತೆಗೆ ಕಡಿಮೆ ಮಿತಿ ಹಾಕಿ ಬೋರ್ಡ್ ನೆಡಿ ಅಂತ ಮನವಿಯಲ್ಲಿ ಮೊದಲು ಕೇಳೋಣ.

9ನೇ ಕ್ರಾಸ್: ಹಂಪ್ ನಾವೇ ಹಾಕಿಸಿದರೆ? ಗಾರೆಯವರು ನನಗೆ ಗೊತ್ತು.

ಸರ್ವೆ ಸರ್: ಬೇಡ. ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದು 25ರ ವೇಗದಲ್ಲಿ ನಯವಾಗಿ ದಾಟೋಕೆ ಅಂತ. ಅರ್ಧ ಮೀಟರ್ ಅಗಲಕ್ಕೆ ಸಿಮೆಂಟ್ ಗುಡ್ಡೆ ಹಾಕಿದರೆ ಆಂಬುಲೆನ್ಸಿನಲ್ಲಿರುವವರ ಬೆನ್ನಿಗೇ ಪೆಟ್ಟು. ಪಾಲಿಕೆಯಿಂದ ಮಾಡಿಸೋಣ, ಮುಂಚೆ ಬೋರ್ಡು, ಬಿಳಿ ಪಟ್ಟೆ ಸಮೇತ.

ಸಂಚಾಲಕರು: ಸರಿ. ಪರೀಕ್ಷೆ ಭಾನುವಾರ ಬೆಳಿಗ್ಗೆ 6ಕ್ಕೆ, ರಸ್ತೆ ಖಾಲಿ ಇರುವಾಗ. ನಿಜವಾದ ಅಳತೆ ಮಂಗಳವಾರ, ಬುಧವಾರ. ಇಬ್ಬಿಬ್ಬರ ಮೂರು ಜೋಡಿ ಬೇಕು. ಬರುವವರು ಕ್ರಾಸ್ ನಂಬರ್ ಹಾಕಿ. ಎಲ್ಲರೂ ಫುಟ್‌ಪಾತ್ ಮೇಲೇ ನಿಲ್ಲಬೇಕು.

5ನೇ ಕ್ರಾಸ್: ನಾನು, ನಮ್ಮನೆಯವರು ಒಂದು ಜೋಡಿ. 30 ಮೀಟರ್ ಟೇಪ್ ಇದೆ, ಬಟ್ಟೇದು.

ಸರ್ವೆ ಸರ್: ಬಟ್ಟೆ ಟೇಪ್ ಎಳೆದರೆ ಹಿಗ್ಗುತ್ತೆ. ಸ್ಟೀಲ್ ಟೇಪ್ ನಾನು ತರ್ತೀನಿ, ನೀವು ಸೀಮೆಸುಣ್ಣ ತನ್ನಿ.