ಕೆರೆ ಅರ್ಜಿ: ಸಹಿ ಹಾಕುವ ಮುಂಚೆ ಉಪಗ್ರಹ ಚಿತ್ರ ನೋಡಿ (ನಮ್ಮ ಬಡಾವಣೆ ಗುಂಪಿನ ಮಾತುಕತೆ; ಹೆಸರಿನ ಜಾಗದಲ್ಲಿ ಮನೆ, ರಸ್ತೆ ತಿರುವು)

ಕೆರೆ ಏರಿ ಮನೆ:
ಕೋಡಿ ಹತ್ತಿರ ಮತ್ತೆ ಮೀನು ಸತ್ತು ತೇಲುತ್ತಿವೆ. ನೋಡೋಕಾಗಲ್ಲ. ಅರ್ಧ ಕೆರೆ ಒತ್ತುವರಿಯಾಗಿದೆ ಅಂತ ಅರ್ಜಿ ಬರೆದು ಸೋಮವಾರ ಕೊಟ್ಟುಬಿಡೋಣ, ಅಲ್ವಾ ಮೇಷ್ಟ್ರೇ?

ಮೇಷ್ಟ್ರು, 2ನೇ ತಿರುವು:
ಸ್ವಲ್ಪ ತಡೀರಿ ಅಮ್ಮ. ಅರ್ಧ ಅಂತ ಬರೆದರೆ ಅರ್ಜಿ ನಿಲ್ಲಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ತೆಗೆದು ನೋಡಿದೆ. ಕೋಪರ್ನಿಕಸ್ ಬ್ರೌಸರ್ ಅನ್ನೋ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. 2015ರಿಂದ ಇವೆ.

ಅದರಲ್ಲಿ ನೀರು ಎಲ್ಲಿದೆ ಅಂತ ಲೆಕ್ಕ ಹಾಕಿ ತೋರಿಸುವ 'ನೀರಿನ ಸೂಚ್ಯಂಕ' ಹಾಕಿದರೆ ಅರ್ಧ ಕೆರೆ ಮಾಯವಾದಂತೆ ಕಾಣುತ್ತದೆ, ನಿಜ. ಆದರೆ ಅದರಲ್ಲಿ ಹೆಚ್ಚಿನದು ಅಂತರಗಂಗೆ, ನೀರಿನ ಮೇಲೆ ತೇಲುವ ಕಳೆ. ನೀರು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹೀರಿಕೊಳ್ಳುತ್ತದೆ, ಹಸಿರೆಲೆ ಅದನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಕಳೆ ಮುಚ್ಚಿದ ನೀರು ಲೆಕ್ಕದಲ್ಲಿ ನೆಲವಾಗಿಬಿಡುತ್ತದೆ. ಅವಕೆಂಪು ಬೆಳಕನ್ನು ಕೆಂಪಾಗಿ ತೋರಿಸುವ 'ಫಾಲ್ಸ್ ಕಲರ್' ಆರಿಸಿ ನೋಡಿ. ನೀರು ಕಪ್ಪು, ಕಳೆ ಕಡುಕೆಂಪು. ಜನವರಿಯ ಚಿತ್ರಗಳಲ್ಲಿ ಆ ಕೆಂಪು ಏರಿ ಕಡೆಯಿಂದ ದೇವಸ್ಥಾನದ ಕಡೆಗೆ ಸರಿದಿದೆ. ಗಾಳಿಗೆ ಕಳೆ ತೇಲುತ್ತದೆ, ತುಂಬಿಸಿದ ಮಣ್ಣು ತೇಲಲ್ಲ.

ಮೋರಿ ಪಕ್ಕದ ಮೂಲೆ ಮಾತ್ರ ಪ್ರತಿ ಬೇಸಿಗೆಯಲ್ಲೂ ಬೂದುಬಣ್ಣ. ಜಾಗ ಬಿಟ್ಟು ಕದಲಿಲ್ಲ. ನನಗೆ ಅನುಮಾನ ಇರುವುದು ಅಲ್ಲಿ.

3ನೇ ತಿರುವು, ಕೊನೆ ಮನೆ:
ಎಷ್ಟು ಜಾಗ ಹೋಗಿರಬಹುದು ಸಾರ್?

ಮೇಷ್ಟ್ರು:
ಚಿತ್ರದ ಒಂದು ಚುಕ್ಕಿ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ 30-40 ಸೈಟಿಗಿಂತ ಸ್ವಲ್ಪ ಚಿಕ್ಕದು. ಅದರಿಂದ ಗಡಿ ಅಳೆಯಲು ಆಗಲ್ಲ, ಅದು ಸರ್ವೆಯವರ ಕೆಲಸ. ನೀವು ಆ ಮೂಲೆಯಲ್ಲಿ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ ಇಲ್ಲಿ ಹಾಕಿ.

1ನೇ ತಿರುವು:
ಆಷಾಢದ ಚಿತ್ರ ತೆರೆದರೆ ಬರೀ ಬಿಳಿ.

ಮೇಷ್ಟ್ರು:
ನಮ್ಮ ಮಲೆನಾಡಲ್ಲಿ ಮಳೆಗಾಲ ಪೂರ್ತಿ ಮೋಡ. ಸೆಂಟಿನೆಲ್-1ರ ರೇಡಾರ್ ಮೋಡ ದಾಟಿ ನೋಡುತ್ತದೆ, ಆದರೆ ಓದೋದು ಕಷ್ಟ. ಪ್ರತಿ ವರ್ಷದ ಫೆಬ್ರವರಿ ಚಿತ್ರ ಜೋಡಿಸಿದರೆ ಸಾಕು. ಬಡಾವಣೆ ಆಗುವ ಮುಂಚಿನದು ಬೇಕಾದರೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೆಯ ಚಿತ್ರಗಳಿವೆ.

ಕೆರೆ ಏರಿ ಮನೆ:
ಹಾಗಾದ್ರೆ ಮೀನು ಯಾಕೆ ಸಾಯ್ತಿವೆ?

1ನೇ ತಿರುವು:
ಚರಂಡಿ ನೀರಿನ ಸಾರಜನಕ, ರಂಜಕ ತಿಂದು ಕಳೆ ಜಾಸ್ತಿಯಾಗುತ್ತದೆ ಅಮ್ಮ. ಅದು ಮುಚ್ಚಿಕೊಂಡರೆ ಒಳಗೆ ಬೆಳಕಿಲ್ಲ, ಆಮ್ಲಜನಕ ಇಳಿಯುತ್ತದೆ. ಇದನ್ನು ಉಪಗ್ರಹ ತೋರಿಸಲ್ಲ, ನೀರನ್ನೇ ಪರೀಕ್ಷೆ ಮಾಡಿಸಬೇಕು. ಆಮ್ಲಜನಕ ತೀರಾ ಕಡಿಮೆ ಇರೋದು ಸೂರ್ಯ ಹುಟ್ಟುವ ಮುಂಚೆ. ಆಗಲೇ ಅಳೆಯಬೇಕು.

ಮೇಷ್ಟ್ರು:
ಸರಿ, ಅರ್ಜಿಯಲ್ಲಿ ಎರಡೇ ಕೇಳೋಣ. ಮೋರಿ ಮೂಲೆಯ ಸರ್ವೆ, ಕೆರೆಗೆ ಬೀಳುವ ಚರಂಡಿ ತಿರುಗಿಸೋದು. ಚಿತ್ರ ನಾನು ಪ್ರಿಂಟ್ ಹಾಕಿಸುತ್ತೇನೆ. ಭಾನುವಾರ ಬೆಳಗ್ಗೆ ಐದೂವರೆಗೆ ತೂಬಿನ ಹತ್ತಿರ ಯಾರು ಬರ್ತೀರಿ?

ಕೆರೆ ಏರಿ ಮನೆ:
ನನ್ನ ಮಗ ಬರ್ತಾನೆ. ಟಾರ್ಚ್ ತರ್ತಾನೆ.