‘ಖುನ್ಸಾ’, ‘ಮುಖನ್ನಸ್’, ‘ಟ್ರಾನ್ಸ್‌ಜೆಂಡರ್’: ಮೂರಕ್ಕೂ ಒಂದೇ ಕನ್ನಡ ಪದ ಸಾಕೇ?

ಬಳಗದವರಿಗೆ ನಮಸ್ಕಾರ.

ಇಲ್ಲಿ ಕೊಡಗಿನಲ್ಲಿ ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳು ತನ್ನ ಪ್ರಬಂಧಕ್ಕೆ ಪ್ರಶ್ನಾವಳಿ ಮಾಡಿಕೊಂಡಿದ್ದಾಳೆ. ಮುಸ್ಲಿಂ ಸಮಾಜದಲ್ಲಿನ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಏನು ಗೊತ್ತು, ಏನನ್ನಿಸುತ್ತದೆ ಎಂಬುದು ವಿಷಯ. ಕನ್ನಡ ತಿದ್ದಿಕೊಡಿ ಅಂದಳು. ನೋಡಿದರೆ ಕಾಗುಣಿತದ್ದೇನೂ ತೊಂದರೆಯಿಲ್ಲ, ಪದದ್ದೇ ಇಕ್ಕಟ್ಟು.

ಮೊದಲ ಪ್ರಶ್ನೆ ಹೀಗಿತ್ತು: ‘ಮುಸ್ಲಿಂ ಸಮುದಾಯದ ಲಿಂಗತ್ವ ಅಲ್ಪಸಂಖ್ಯಾತರಿಗೆ ಸಮಾನ ಅವಕಾಶ ಸಿಗುತ್ತಿದೆಯೇ?’ ಪರೀಕ್ಷೆಗೆಂದು ಹಾಸ್ಟೆಲಿನ ಗೆಳತಿಗೆ ಕೊಟ್ಟರೆ ಅವಳು ‘ಹೌದು, ಸ್ಕಾಲರ್‌ಶಿಪ್ ಇದೆ’ ಎಂದು ಬರೆದಳಂತೆ! ‘ಮುಸ್ಲಿಂ’ ಮತ್ತು ‘ಅಲ್ಪಸಂಖ್ಯಾತ’ ಒಂದೇ ಸಾಲಿನಲ್ಲಿ ಕಂಡರೆ ನಡುವಿನ ‘ಲಿಂಗತ್ವ’ವನ್ನು ಕಣ್ಣು ಹಾರಿಸಿಬಿಡುತ್ತದೆ. ಸರ್ಕಾರಿ ಆದೇಶದಲ್ಲಿ ಸಲೀಸಾಗಿ ನಡೆಯುವ ಪದ ಇಲ್ಲಿ ಕೈಕೊಟ್ಟಿತು.

‘ಮಂಗಳಮುಖಿ’ ಹಾಕೋಣವೆಂದರೆ ಅದರಲ್ಲಿ ಹರಸುವ, ಶುಭ ಕೋರುವ ಛಾಯೆ ಇದೆ. ನಾಪೋಕ್ಲು ಕಡೆಯ ಮಾಪಿಳೆ (ಮಲಯಾಳಂ ಮೂಲದ ಮುಸ್ಲಿಂ) ಹುಡುಗನೊಬ್ಬ ‘ನಮ್ಮವರಲ್ಲಿ ಮಂಗಳಮುಖಿಯರಿಲ್ಲ’ ಅಂದರೆ ಅವನು ಜನರ ಬಗ್ಗೆ ಹೇಳಿದನೋ ಪದದ ಬಗ್ಗೆ ಹೇಳಿದನೋ ತಿಳಿಯುವುದಿಲ್ಲ. ‘ಜೋಗಪ್ಪ’ಕ್ಕೆ ಯಲ್ಲಮ್ಮನ ನಂಟು. ‘ನಪುಂಸಕ’ ಬೈಗುಳವಾಗಿ ಎಷ್ಟೋ ಕಾಲವಾಯಿತು. ‘ದ್ವಿಲಿಂಗಿ’ ಎಂದರೆ ವಿಜ್ಞಾನ ಓದಿದ ಇಲ್ಲಿನ ಮಕ್ಕಳಿಗೆ ನೆನಪಾಗುವುದು ಗಂಡು ಹೆಣ್ಣು ಭಾಗ ಎರಡೂ ಇರುವ ಕಾಫಿ ಹೂವು.

‘ಖೋಜಾ’ದ ಕಥೆ ಇನ್ನೂ ವಿಚಿತ್ರ. ಚರಿತ್ರೆಯ ಪಾಠದಲ್ಲಿ ಮಲಿಕ್ ಕಾಫರನ ಜೊತೆ ಬರುವುದರಿಂದ ವಿದ್ಯಾರ್ಥಿಗಳಿಗೆ ಅದು ‘ಬೀಜ ಒಡೆಸಿಕೊಂಡ ಅರಮನೆ ಆಳು’. ಮೂಲ ಪಾರಸಿಯ ‘ಖ್ವಾಜಾ’, ಅಂದರೆ ಒಡೆಯ. ಕಲಬುರಗಿಯ ಖ್ವಾಜಾ ಬಂದೇನವಾಜರ ಹೆಸರಿನಲ್ಲಿರುವುದೂ ಅದೇ. ಪಾಕಿಸ್ತಾನದಲ್ಲಿ ಈ ಸಮುದಾಯದ ಅನೇಕರು ‘ಹಿಜಡಾ’ ಬೇಡ, ‘ಖ್ವಾಜಾ ಸಿರಾ’ ಅನ್ನಿ ಎನ್ನುತ್ತಾರೆ. ಅಲ್ಲಿ ಮರ್ಯಾದೆಯ ಮಾತಾದದ್ದು ನಮ್ಮಲ್ಲಿ ಪರೀಕ್ಷೆಯ ಒಂದು ಅಂಕದ ಉತ್ತರಕ್ಕಿಳಿದಿದೆ.

ನಿಜವಾದ ಗಂಟು ಇರುವುದು ಫಿಕ್ಹ್‌ನ, ಅಂದರೆ ಇಸ್ಲಾಮೀ ಧರ್ಮಶಾಸ್ತ್ರದ, ಪದಗಳಲ್ಲಿ. ‘ಖುನ್ಸಾ’ ಎಂದರೆ ಹುಟ್ಟಿನಿಂದಲೇ ದೇಹದಲ್ಲಿ ಗಂಡು ಹೆಣ್ಣು ಎರಡರ ಗುರುತೂ ಇರುವವರು, ಅಥವಾ ಎರಡೂ ಸ್ಪಷ್ಟವಿಲ್ಲದವರು. ಹಳೆಯ ಪಂಡಿತರು ಇವರ ಬಗ್ಗೆ ತಲೆ ಕೆಡಿಸಿಕೊಂಡದ್ದು ಬಹುಪಾಲು ಆಸ್ತಿಯ ಸಲುವಾಗಿ: ಪಾಲು ಮಗನದೋ ಮಗಳದೋ? ಮೂತ್ರ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ ತೀರ್ಮಾನಿಸುತ್ತಿದ್ದರು. ಅದರಿಂದಲೂ ಬಗೆಹರಿಯದಿದ್ದರೆ ‘ಖುನ್ಸಾ ಮುಶ್ಕಿಲ್’. ಆಗ ಸುನ್ನಿಗಳ ಶಾಸ್ತ್ರಪಂಥಗಳಲ್ಲೊಂದಾದ ಹನಫಿಗಳಲ್ಲಿ ಎರಡರಲ್ಲಿ ಕಡಿಮೆಯ ಪಾಲು. ಇನ್ನೊಂದು ಪಂಥವಾದ ಶಾಫಿಈಗಳಲ್ಲಿ ಖಚಿತವಾದಷ್ಟನ್ನು ಕೊಟ್ಟು ಉಳಿದದ್ದನ್ನು ತಡೆಹಿಡಿಯುವುದು. ಕೊಡಗಿನಲ್ಲಿ ಎರಡೂ ಪಂಥದವರಿದ್ದಾರೆ: ಉರ್ದು ಮಾತಿನವರು ಸಾಮಾನ್ಯವಾಗಿ ಹನಫಿ, ಮಾಪಿಳೆ ಮತ್ತು ಬ್ಯಾರಿಗಳು ಶಾಫಿಈ. ಮದ್ರಸದಲ್ಲಿ ಮುಂದಿನ ಕಿತಾಬುಗಳವರೆಗೆ ಓದಿದ ಹುಡುಗನಿಗೆ ‘ಖುನ್ಸಾ’ ಗೊತ್ತು, ಆದರೆ ಅವನು ಅದನ್ನು ಹಿಜಡಾ ಪದದ ಜೊತೆ ಕೂಡಿಸುವುದಿಲ್ಲ.

‘ಮುಖನ್ನಸ್’ ಬೇರೆಯೇ. ದೇಹ ಗಂಡಿನದು, ನಡಿಗೆ, ದನಿ, ಒನಪು ಹೆಣ್ಣಿನದು. ಇದು ಹುಟ್ಟುಗುಣವಾಗಿದ್ದರೆ ದೋಷವಿಲ್ಲ, ಬೇಕೆಂದೇ ಮಾಡಿದರೆ ದೋಷ ಎಂದು 13ನೇ ಶತಮಾನದ ಇಮಾಂ ನವವಿ ಬಗೆದು ಹೇಳಿದ್ದಾರೆ. ಅವರು ಶಾಫಿಈಗಳೇ ಆದ್ದರಿಂದ ಇಲ್ಲಿನ ಮಾಪಿಳೆಯರಿಗೆ ಹೊಸಬರೇನಲ್ಲ.

ಇಂದಿನ ‘ಟ್ರಾನ್ಸ್‌ಜೆಂಡರ್’ ಈ ಎರಡೂ ಅಲ್ಲ. ವ್ಯಕ್ತಿ ತನ್ನನ್ನು ತಾನು ಏನೆಂದು ಅರಿತಿದ್ದಾನೆ, ಅರಿತಿದ್ದಾಳೆ ಎಂಬುದೇ ಅದರ ತಿರುಳು. ಪಾಕಿಸ್ತಾನದ 2018ರ ಕಾಯ್ದೆ ಆ ಅರಿವನ್ನೇ ದಾಖಲೆಗೆ ಒಪ್ಪಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ಶರೀಅತ್ ನ್ಯಾಯಾಲಯ ಆ ಭಾಗ ಇಸ್ಲಾಮಿಗೆ ಒಪ್ಪುವುದಿಲ್ಲ ಎಂದಿತು. ಇರಾನಿನಲ್ಲಿ ಧರ್ಮಗುರು ಖೊಮೇನಿ 1980ರ ದಶಕದಲ್ಲೇ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಫತ್ವಾ ಕೊಟ್ಟಿದ್ದರು. ಹಾಗಿರುವಾಗ ‘ಇಸ್ಲಾಂ ಇದನ್ನು ಒಪ್ಪುತ್ತದೆಯೇ?’ ಎಂದು ಕೇಳಿ ಹೌದು, ಇಲ್ಲ ಎಂಬ ಎರಡು ಚೌಕ ಕೊಟ್ಟರೆ ಏನು ಸಿಕ್ಕೀತು? ಒಬ್ಬ ಖುನ್ಸಾ ನೆನೆದು ಹೌದು ಅಂದಿರುತ್ತಾನೆ, ಇನ್ನೊಬ್ಬಳು ಟೋಲ್‌ಗೇಟಿನಲ್ಲಿ ಕಂಡವರನ್ನು ನೆನೆದು ಇಲ್ಲ ಅಂದಿರುತ್ತಾಳೆ. ನಮ್ಮಲ್ಲಿ 2019ರ ಕಾಯ್ದೆ ಹಿಜಡಾ, ಜೋಗ್ತಾ, ಹುಟ್ಟಿನಿಂದ ದೇಹಲಕ್ಷಣ ಬೇರೆಯಿರುವವರು ಎಲ್ಲರನ್ನೂ ಒಂದೇ ವ್ಯಾಖ್ಯೆಗೆ ಸೇರಿಸಿದ್ದು ಹಕ್ಕಿನ ದೃಷ್ಟಿಯಿಂದ ಸರಿಯಿರಬಹುದು, ಪ್ರಶ್ನಾವಳಿಗೆ ಮಾತ್ರ ಅದು ತೊಡಕು.

ಸದ್ಯಕ್ಕೆ ನಾನು ಸೂಚಿಸಿದ್ದು ಇಷ್ಟು: ಖುನ್ಸಾಕ್ಕೆ ‘ಅಂತರಲಿಂಗಿ’, ಮುಖನ್ನಸ್ ಎಂಬುದನ್ನು ಹಾಗೆಯೇ ಇಟ್ಟು ಒಂದು ಸಾಲಿನ ವಿವರಣೆ, ಮೂರನೆಯದಕ್ಕೆ ಕನ್ನಡ ಲಿಪಿಯಲ್ಲೇ ‘ಟ್ರಾನ್ಸ್‌ಜೆಂಡರ್’. ವಿರಾಜಪೇಟೆಯ ಮಲಯಾಳಂ ಮಾತಿನ ಹುಡುಗರು ‘ಟ್ರಾನ್ಸ್’ ಎಂದೇ ಆಡುತ್ತಾರೆ, ಅವರಿಗೆ ಸುಲಭ. ‘ಅಂತರಲಿಂಗಿ’ ನನಗೆ ಅಷ್ಟು ಹಿಡಿಸಿಲ್ಲ, ಅನುವಾದದ ವಾಸನೆ ಹೊಡೆಯುತ್ತದೆ.

ಬಲ್ಲವರಲ್ಲಿ ಕೇಳುವುದು: ಮಂಗಳೂರು ಕಡೆಯ ಕನ್ನಡ ಇಸ್ಲಾಮೀ ಬರಹಗಳಲ್ಲಿ, ವಾರಸುದಾರಿಕೆಯ ಅಧ್ಯಾಯದಲ್ಲಿ, ‘ಖುನ್ಸಾ’ವನ್ನು ಹೇಗೆ ಕನ್ನಡಿಸಿದ್ದಾರೆ? ಬ್ಯಾರಿ, ಕೊಡವ ತಕ್ಕ್, ಅರೆಭಾಷೆಗಳಲ್ಲಿ ಬೈಗುಳವಲ್ಲದ ಮನೆಮಾತಿನ ಪದ ಯಾವುದಾದರೂ ಇದೆಯೇ? ಇದ್ದರೆ ಯಾರು, ಯಾರ ಮುಂದೆ ಆ ಪದ ಆಡುತ್ತಾರೆ ಎಂಬುದನ್ನೂ ಸೇರಿಸಿ ಬರೆಯಿರಿ. ಪ್ರಶ್ನಾವಳಿ ಇನ್ನೂ ಅಚ್ಚಿಗೆ ಹೋಗಿಲ್ಲ.