ಅಪ್‌ಡೇಟ್: ಕಾರ್ಡ್ ಜೇಬಿನಲ್ಲೇ ಇದ್ದರೂ ಎಟಿಎಂನಿಂದ ಹೋದ ದುಡ್ಡು ವಾಪಸ್ ಬಂತು (ಮಂಡ್ಯ)

ಅಪ್ಪನ ಡೆಬಿಟ್ ಕಾರ್ಡ್ ಮಂಡ್ಯದಲ್ಲೇ ಇದ್ದಾಗ ಬೇರೆ ರಾಜ್ಯದ ಎಟಿಎಂನಲ್ಲಿ ಯಾರೋ ದುಡ್ಡು ತೆಗೆದಿದ್ದರು, ಏನು ಮಾಡೋದು ಅಂತ ಇಲ್ಲಿ ಹಿಂದೆ ಕೇಳಿದ್ದೆ. ಪೂರ್ತಿ ಹಣ ಖಾತೆಗೆ ಬಂದಿದೆ.

ಕೈಹಿಡಿದಿದ್ದು, ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಯಿಂದ ಹೋದ ಹಣಕ್ಕೆ ಹೊಣೆ ಯಾರು ಅಂತ ಹೇಳುವ ಆರ್‌ಬಿಐನ 2017ರ ಜುಲೈ ಸುತ್ತೋಲೆ ಹೆಸರಿಸಿ ಬ್ಯಾಂಕಿಗೆ ಬರೆದುಕೊಡಿ ಎಂದ ಅಣ್ಣನ ಸಲಹೆ. ಶಾಖೆಯವರು ಮೊದಲು "ಪಿನ್ ಯಾರಿಗೋ ಹೇಳಿರ್ತೀರಾ ಯಜಮಾನ್ರೇ" ಅಂತ ಅಪ್ಪನ ಮೇಲೇ ಹಾಕಿದರು. ತುಂಬಾ ಬೇಜಾರಾಯ್ತು. ಕಾರ್ಡ್ ನಮ್ಮ ಹತ್ತಿರವೇ ಇತ್ತು ಅಂತ ತೋರಿಸಲು, ದುಡ್ಡು ಹೋದ ಮೆಸೇಜ್ ಬಂದ ತಕ್ಷಣ ಮಂಡ್ಯದ ಗುತ್ತಲು ರೋಡಿನ ಎಟಿಎಂನಲ್ಲಿ ಅದೇ ಕಾರ್ಡಿನಿಂದ ತೆಗೆದ ಬ್ಯಾಲೆನ್ಸ್ ಚೀಟಿಯನ್ನು ಅರ್ಜಿಗೆ ಲಗತ್ತಿಸಿದೆವು. ನಮ್ಮ ಪ್ರತಿಗೆ ಸೀಲು, ಸಹಿ ಹಾಕಿಸಿಕೊಂಡ ಮೇಲೆ ಅವರ ಮಾತಿನ ಧಾಟಿಯೇ ಬದಲಾಯ್ತು.

ಆ ಸುತ್ತೋಲೆ ಪ್ರಕಾರ ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡಬೇಕಾದ್ದು ಬ್ಯಾಂಕೇ ಅಂತೆ, ನನಗೆ ಗೊತ್ತೇ ಇರಲಿಲ್ಲ! ಲೋಪ ಬ್ಯಾಂಕಿನದ್ದಾದರೆ ನಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದ್ದೂ ನಮ್ಮದೂ ಅಲ್ಲದೆ ಬೇರೆ ಕಡೆ ಕಾರ್ಡ್ ಮಾಹಿತಿ ಸೋರಿಕೆಯಾಗಿದ್ದರೂ, 3 ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಸೊನ್ನೆಯೇ. ತಿಳಿಸಿದ 10 ಕೆಲಸದ ದಿನದಲ್ಲಿ ಹಣ ತಾತ್ಕಾಲಿಕವಾಗಿ ಜಮಾ ಆಗಬೇಕು.

ನೇರವಾಗಿ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಅಧಿಕಾರಿ) ಹೋಗೋದು ಆಗಲಿಲ್ಲ. ಮೊದಲು ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಬೇಕು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ದೂರಿನ ಸಂಖ್ಯೆ ಸಿಕ್ಕಿತು, ಆದರೆ ಕಳ್ಳರು ಆಗಲೇ ನಗದು ತೆಗೆದಾಗಿದ್ದರಿಂದ ತಡೆಯಲು ಆಗಲಿಲ್ಲ.

ಕಾರ್ಡ್ ಎಲ್ಲಿ ನಕಲಾಯ್ತು ಅಂತ ಬ್ಯಾಂಕ್ ಇನ್ನೂ ಹೇಳಿಲ್ಲ. ಅದನ್ನೂ ಬರೆದೇ ಕೇಳಿದ್ದೇವೆ.